ಲೆಕ್ಕದ ಅನ್ವಯ

ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿದವನು ಭೌತಶಾಸ್ತ್ರದ ಲೆಕ್ಕಗಳನ್ನು ಕುರಿತು ಮಾತನಾಡಹೊರಟರೆ, ಕೇಳುವವರಿಗೆ ಸ್ವಲ್ಪ ಕುತೂಹಲವೂ ಸ್ವಲ್ಪ ಅನುಮಾನವೂ ಆಗುವುದು ಸಹಜ. ಆದರೆ ಇದಕ್ಕೆ ಎದುರು ದಿಕ್ಕಿನಿಂದ ನಡೆದು ಬಂದವರೊಬ್ಬರು ನಮ್ಮ ನಾಡಿನಲ್ಲಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರೇ ಮುಂದೆ ಪಂಪಭಾರತವನ್ನೂ ಸಂಪಾದಿಸಿಕೊಟ್ಟರು. ಭೌತಶಾಸ್ತ್ರದಿಂದ ಪಂಪನ ಕಡೆಗೆ ಒಂದು ಹೆದ್ದಾರಿ ಇದ್ದಿತೆಂದ ಮೇಲೆ, ಪಂಪನಿಂದ ಭೌತಶಾಸ್ತ್ರದ ಕಡೆಗೂ ಒಂದು ಕಾಲುದಾರಿಯಾದರೂ ಇರಲೇಬೇಕಷ್ಟೆ.

ನನ್ನನ್ನು ಈ ಕಾಲುದಾರಿಗೆ ಹಚ್ಚಿದವಳು ನಮ್ಮ ಎದುರು ಮನೆಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡವಳು. ಅಲ್ಲಿ ಪಾಠ, ಪುಸ್ತಕ, ಪ್ರಶ್ನೆ ಎಲ್ಲವೂ ಇಂಗ್ಲಿಷಿನಲ್ಲಿ. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಕಾಂತತ್ವ, ಪರಮಾಣು, ಅರೆವಾಹಕ, ವಿಕಿರಣ ಎಂಬ ನಾಲ್ಕು ಅಧ್ಯಾಯಗಳು ಅವಳ ನಿದ್ದೆಗೆಡಿಸಿದ್ದುವು. ಒಂದು ಸಂಜೆ ಪುಸ್ತಕ ಹಿಡಿದು ಬಂದು, “ತಾತ, ಲೆಕ್ಕ ಮಾಡಿಕೊಡಿ ಅಂತ ಕೇಳ್ತಿಲ್ಲ. ಈ ಪ್ರಶ್ನೆ ಏನನ್ನ ಕೇಳ್ತಿದೆ ಅಂತ ಹೇಳಿ, ಸಾಕು” ಎಂದಳು. ನೋಡಿದರೆ ಸೂತ್ರಗಳೆಲ್ಲ ಅವಳ ನಾಲಗೆಯ ತುದಿಯಲ್ಲಿಯೇ ಇದ್ದುವು. ಕೈ ಕೊಡುತ್ತಿದ್ದುದು ಪ್ರಶ್ನೆಯ ವಾಕ್ಯ. ಅದರಲ್ಲಿ ಕಾಣಿಸಿದ ಅಂಕೆಗಳನ್ನು ಹೆಕ್ಕಿಕೊಂಡು, ನೆನಪಿಗೆ ಬಂದ ಸೂತ್ರದೊಳಕ್ಕೆ ತುಂಬಿ, ಉತ್ತರ ಬಂತೆಂದು ಕೊನೆಯ ಪುಟವನ್ನು ತಿರುಗಿಸಿ ನೋಡಿ ಸಪ್ಪಗಾಗುತ್ತಿದ್ದಳು.

ಹಳೆಯ ಪದ್ಯವೊಂದನ್ನು ಪಾಠ ಮಾಡುವ ಕ್ರಮ ನಿಮಗೆಲ್ಲ ನೆನಪಿರಬಹುದು. ಪದ್ಯವನ್ನು ಕಂಡಕೂಡಲೆ ಅರ್ಥ ಹೇಳಲು ತೊಡಗುವವನು ಎಡವುತ್ತಾನೆ. ಮೊದಲು ಪದವಿಭಾಗ, ಆಮೇಲೆ ಕ್ರಿಯಾಪದವನ್ನು ಹುಡುಕುವುದು, ಅದಕ್ಕೆ ಕರ್ತೃ ಯಾರು, ಕರ್ಮ ಯಾವುದು ಎಂದು ಕೇಳುವುದು, ಯಾವ ವಿಶೇಷಣ ಯಾವ ವಿಶೇಷ್ಯಕ್ಕೆ ಸೇರುತ್ತದೆಂದು ಗುರುತಿಸುವುದು. ಇದೇ ಅನ್ವಯ. ಅನ್ವಯವಾದ ಮೇಲೆ ಅರ್ಥ ತಾನಾಗಿಯೇ ಕೈಗೆ ಸಿಗುತ್ತದೆ. ಭೌತಶಾಸ್ತ್ರದ ಲೆಕ್ಕಕ್ಕೂ ಇದೇ ಉಪಚಾರ ಬೇಕೆಂದು ನನಗೆ ತೋರಿತು. ಸೂತ್ರವನ್ನು ಅವಳು ಬಲ್ಲಳು. ಅನ್ವಯವನ್ನು ನಾನು ಬಲ್ಲೆ. ಹೀಗೆ ನಮ್ಮ ಕೂಡು ವ್ಯಾಪಾರ ಆರಂಭವಾಯಿತು.

ಕಾಂತತ್ವದ ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. ಪೂರ್ವದಿಂದ ಪಶ್ಚಿಮಕ್ಕೆ ಹಾದುಹೋಗುವ, ಬಹು ಉದ್ದವಾದ ನೇರ ತಂತಿಯೊಂದರಲ್ಲಿ 100 ಆಂಪಿಯರುಗಳ ಸ್ಥಿರ ವಿದ್ಯುತ್ಪ್ರವಾಹವಿದೆ. ತಂತಿಯ ಕೆಳಗೆ 5 ಮೀಟರ್ ದೂರದಲ್ಲಿ ಕಾಂತಕ್ಷೇತ್ರವೆಷ್ಟು? ಅಂಕಗಣಿತ ಸುಲಭ. ಆಂಪಿಯರನ್ನು ಮೀಟರಿನಿಂದ ಭಾಗಿಸಿ, ಬಂದುದನ್ನು ಮತ್ತೆ ಐದರಿಂದ ಭಾಗಿಸಿದರೆ ಮೈಕ್ರೋಟೆಸ್ಲಾ ಎಂಬ ಏಕಮಾನದಲ್ಲಿ ಉತ್ತರ ಬರುತ್ತದೆ. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತು, ಅದನ್ನು ಐದರಿಂದ ಭಾಗಿಸಿದರೆ ನಾಲ್ಕು. ಹುಡುಗಿ “ನಾಲ್ಕು ಮೈಕ್ರೋಟೆಸ್ಲಾ” ಎಂದು ಬರೆದು ಪೆನ್ನು ಕೆಳಗಿಟ್ಟಳು. ಆದರೆ ಕಾಂತಕ್ಷೇತ್ರಕ್ಕೆ ಪರಿಮಾಣವಿರುವಂತೆ ದಿಕ್ಕೂ ಉಂಟು. ದಿಕ್ಕನ್ನು ಹೇಳದೆ ಬಿಟ್ಟ ಉತ್ತರ ವಿಭಕ್ತಿಯಿಲ್ಲದ ನಾಮಪದದ ಹಾಗೆ. ವಾಕ್ಯದಲ್ಲಿ ಅದಕ್ಕೆ ಸ್ಥಾನವಿಲ್ಲ. ಬಲಗೈಯ ಹೆಬ್ಬೆರಳನ್ನು ಪ್ರವಾಹದ ಕಡೆಗೆ, ಎಂದರೆ ಪಶ್ಚಿಮಕ್ಕೆ ಚಾಚಿ, ಉಳಿದ ಬೆರಳುಗಳು ತಂತಿಯನ್ನು ಹಿಡಿದಂತೆ ಮಡಿಸಿದರೆ, ತಂತಿಯ ಕೆಳಗೆ ಬೆರಳುಗಳು ದಕ್ಷಿಣವನ್ನು ತೋರಿಸುತ್ತವೆ. ಉತ್ತರ ಹೀಗಾಯಿತು: ನಾಲ್ಕು ಮೈಕ್ರೋಟೆಸ್ಲಾ, ದಕ್ಷಿಣಾಭಿಮುಖ.

ಇಷ್ಟಕ್ಕೇ ನಿಲ್ಲದೆ ಒಂದು ಹೆಜ್ಜೆ ಮುಂದೆ ಹೋದೆವು. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಹೆಚ್ಚುಕಡಮೆ ಸಮಾಂತರವಾಗಿ ಉತ್ತರದ ಕಡೆಗಿರುತ್ತದೆ. ಅದರ ಬಲ ಸುಮಾರು 40 ಮೈಕ್ರೋಟೆಸ್ಲಾ. ತಂತಿಯ ನಾಲ್ಕು ಅದಕ್ಕೆ ಎದುರಾಗಿ ನಿಂತು 36 ಉಳಿಯುತ್ತದೆ. ಕೆಳಗೆ ದಿಕ್ಸೂಚಿಯನ್ನಿಟ್ಟರೆ ಮುಳ್ಳು ಕದಲುವುದಿಲ್ಲ, ಉತ್ತರವನ್ನೇ ತೋರಿಸುತ್ತಿರುತ್ತದೆ. ಈಗ ಪ್ರಶ್ನೆಯಲ್ಲಿ ಎರಡೇ ಪದಗಳನ್ನು ಬದಲಾಯಿಸೋಣ. ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಸಾಗಲಿ. ಅಂಕೆಗಳೆಲ್ಲ ಹಾಗೆಯೇ ಇವೆ. ಆದರೆ ಈಗ ತಂತಿಯ ಕ್ಷೇತ್ರ ಪಶ್ಚಿಮಕ್ಕೆ ತಿರುಗಿತು. ಮುಳ್ಳು ಉತ್ತರದಿಂದ ಪಶ್ಚಿಮದ ಕಡೆಗೆ ಸುಮಾರು ಆರು ಡಿಗ್ರಿ ವಾಲಿಕೊಳ್ಳುತ್ತದೆ. 1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹ್ಯಾನ್ಸ್ ಕ್ರಿಶ್ಚಿಯನ್ ಅಯರ್‌ಸ್ಟೆಡ್ ಕಂಡು ಬೆರಗಾದದ್ದು ಇಂಥ ವಾಲಿಕೆಯನ್ನೇ. ಮುಳ್ಳು ತಂತಿಯ ಕಡೆಗೆ ಸೆಳೆಯಲ್ಪಡಲಿಲ್ಲ, ದೂರಕ್ಕೆ ತಳ್ಳಲ್ಪಡಲೂ ಇಲ್ಲ, ಅಡ್ಡಲಾಗಿ ತಿರುಗಿತು. ಸೆಳೆತವನ್ನೂ ತಳ್ಳಾಟವನ್ನೂ ಮಾತ್ರ ಅರಿತಿದ್ದ ಆ ಕಾಲದ ವಿದ್ವಾಂಸರಿಗೆ ಅದು ಹೊಸ ವ್ಯಾಕರಣದಂತೆ ಕಂಡಿರಬೇಕು. ಆ ವರ್ಷದ ಜುಲೈ 21ರಂದು ಆತ ತನ್ನ ಶೋಧವನ್ನು ನಾಲ್ಕು ಪುಟಗಳ ಪುಟ್ಟ ಲೇಖನವಾಗಿ ಯೂರೋಪಿನ ಪಂಡಿತರಿಗೆ ಕಳಿಸಿಕೊಟ್ಟದ್ದು ಲ್ಯಾಟಿನ್ ಭಾಷೆಯಲ್ಲಿ. ಮನೆಮಾತೊಂದು, ವಿದ್ಯೆಯ ಮಾತೊಂದು ಎಂಬ ತೊಡಕು ನಮ್ಮ ಎದುರು ಮನೆಯ ಹುಡುಗಿಗೆ ಮಾತ್ರ ಬಂದದ್ದಲ್ಲ.

ಪ್ರಶ್ನೆಯಲ್ಲಿದ್ದ ‘ಸ್ಥಿರ’ ಎಂಬ ವಿಶೇಷಣವನ್ನು ನಾವು ಗಮನಿಸದೆ ಹೋಗುವುದುಂಟು. ಬೀದಿಯ ಮೇಲೆ ಹಾದುಹೋಗುವ ನಿಜವಾದ ವಿದ್ಯುತ್ ತಂತಿಯಲ್ಲಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುತ್ತದೆ. ಅದರ ಕೆಳಗೆ ದಿಕ್ಸೂಚಿ ಹಿಡಿದು ನಿಂತವನಿಗೆ ಏನೂ ಕಾಣದು. ‘ಬಹು ಉದ್ದವಾದ’ ಎಂಬುದೂ ಅಲಂಕಾರಕ್ಕಾಗಿ ಬಂದ ಮಾತಲ್ಲ. ತಂತಿಯ ಎರಡು ತುದಿಗಳ ಚಿಂತೆಯನ್ನು ಬಿಡು ಎಂಬ ಅಪ್ಪಣೆ ಅದು. ಕಾವ್ಯದಲ್ಲಿ ಪಾದಪೂರಣಕ್ಕೆಂದು ವಿಶೇಷಣ ಬರಬಹುದು, ಲೆಕ್ಕದಲ್ಲಿ ಬರುವುದಿಲ್ಲ. ಲೆಕ್ಕದಲ್ಲಿ ಪಾದಪೂರಣಕ್ಕೆ ಬರುವುದು ಅಂಕೆಗಳೇ! ಕಾಂತಕ್ಷೇತ್ರದೊಳಕ್ಕೆ ನುಗ್ಗಿದ ಪ್ರೋಟಾನಿನ ವೇಗ, ಕ್ಷೇತ್ರದ ಬಲ, ವೃತ್ತದ ತ್ರಿಜ್ಯ ಎಲ್ಲವನ್ನೂ ಕೊಟ್ಟು, ಕಾಂತಬಲ ಮಾಡಿದ ಕೆಲಸವೆಷ್ಟು ಎಂದು ಕೇಳುತ್ತಾರೆ. ಆ ಬಲ ಸದಾ ಚಲನೆಗೆ ಅಡ್ಡಲಾಗಿ ಇರುವುದರಿಂದ ಕೆಲಸ ಸೊನ್ನೆ. ಕೊಟ್ಟ ಅಂಕೆಗಳೆಲ್ಲ ಬಲೆ.

ಪರಮಾಣುವಿಗೆ ಬರೋಣ. ಇನ್ನು ಒಡೆಯಲಾಗದಷ್ಟು ಚಿಕ್ಕದು ಎಂಬ ಅರ್ಥದಲ್ಲಿ ನಮ್ಮ ದಾರ್ಶನಿಕರು ಬಳಸಿದ ಪದ ಇದು. ಇಂದು ಆ ಪದವನ್ನು ನಂಬಿ ಕುಳಿತವನಿಗೆ ಮುಂದಿನ ಅಧ್ಯಾಯವೇ ತೆರೆಯುವುದಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ನಮ್ಮ ಭಾಷೆ ವಿದ್ಯಾರ್ಥಿಯ ಕೈ ಹಿಡಿದು ನಡೆಸುವ ಒಂದು ಜಾಗವೂ ಇದೆ. ಜಲಜನಕದ ಎಲೆಕ್ಟ್ರಾನಿನ ಶಕ್ತಿಯನ್ನು ಬರೆಯುವಾಗ ಮೊದಲ ಮಟ್ಟದಲ್ಲಿ ಋಣ 13.6, ಎರಡನೆಯದರಲ್ಲಿ ಋಣ 3.4, ಮೂರನೆಯದರಲ್ಲಿ ಋಣ 1.51 ಎಲೆಕ್ಟ್ರಾನ್ ವೋಲ್ಟ್ ಎಂದು ಬರೆಯುತ್ತಾರೆ. ಶಕ್ತಿ ಹೇಗೆ ಸೊನ್ನೆಗಿಂತ ಕಡಮೆಯಾದೀತು ಎಂದು ಹುಡುಗಿ ಕೇಳಿದಳು. ಇಂಗ್ಲಿಷಿನ ‘ಮೈನಸ್’ ಅವಳಿಗೆ ಬರಿಯ ಗೆರೆ. ಕನ್ನಡದ ‘ಋಣ’ ಎಂದರೆ ಸಾಲ. ಎಲೆಕ್ಟ್ರಾನು ಪರಮಾಣುಬೀಜಕ್ಕೆ 13.6ರಷ್ಟು ಸಾಲಗಾರ, ಅಷ್ಟನ್ನು ತೀರಿಸಿದರೆ ಋಣಮುಕ್ತವಾಗಿ ಹೊರಟುಹೋಗುತ್ತದೆ. ಮೇಲಿನ ಮಟ್ಟಕ್ಕೆ ಏರಿದಂತೆ ಸಾಲ ಕಡಮೆ. ಇಷ್ಟು ಹೇಳಿದ್ದೇ ತಡ, ಆ ಅಧ್ಯಾಯದ ಅರ್ಧ ಲೆಕ್ಕಗಳನ್ನು ಅವಳೇ ಮಾಡಿ ತಂದಳು.

ಈ ಮಟ್ಟಗಳ ಕಥೆಯ ಹಿಂದೆ ಒಬ್ಬ ಶಾಲಾಮಾಸ್ತರ ಇದ್ದಾನೆ. ಆತನನ್ನು ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಿದರೆ ನೀವು ಬೇಸರಿಸಲಾರಿರಿ ಎಂದು ನಂಬಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಯೊಹಾನ್ ಯಾಕೋಬ್ ಬಾಲ್ಮರ್ ಹುಟ್ಟಿದ್ದು 1825ರಲ್ಲಿ. ಹೊಳೆಯುವ ಜಲಜನಕದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಣ್ಣಿಗೆ ಕಾಣುವ ನಾಲ್ಕು ಗೆರೆಗಳು ಮೂಡುತ್ತವೆ. ಅವುಗಳ ತರಂಗಾಂತರಗಳನ್ನು ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಬಹಳ ನಿಷ್ಕೃಷ್ಟವಾಗಿ ಅಳೆದಿಟ್ಟಿದ್ದ: ಇಂದಿನ ಏಕಮಾನದಲ್ಲಿ 656.2, 486.1, 434.0, 410.1 ನ್ಯಾನೋಮೀಟರುಗಳು. ಈ ನಾಲ್ಕು ಸಂಖ್ಯೆಗಳಿಗೆ ಒಂದಕ್ಕೊಂದು ಏನು ನೆಂಟು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಬಾಲ್ಮರ್ ಇವುಗಳ ಹಿಂದೆ 364.56 ಎಂಬ ಒಂದು ಸಾಮಾನ್ಯ ಸಂಖ್ಯೆಯನ್ನು ಹಿಡಿದ. ಅದನ್ನು ಕ್ರಮವಾಗಿ ಐದನೆಯ ಒಂಬತ್ತು, ಮೂರನೆಯ ನಾಲ್ಕು, ಇಪ್ಪತ್ತೊಂದನೆಯ ಇಪ್ಪತ್ತೈದು, ಎಂಟನೆಯ ಒಂಬತ್ತು ಎಂಬ ಭಿನ್ನರಾಶಿಗಳಿಂದ ಗುಣಿಸಿದರೆ ನಾಲ್ಕು ಗೆರೆಗಳೂ ಬರುತ್ತವೆ. ಆದರೆ 9/5, 4/3, 25/21, 9/8 ಎಂಬುದರಲ್ಲಿ ಯಾವ ಲಯವೂ ಕೇಳಿಸುವುದಿಲ್ಲ. ಆತ ಎರಡನೆಯ ಮತ್ತು ನಾಲ್ಕನೆಯ ಭಿನ್ನರಾಶಿಗಳ ಮೇಲೂ ಕೆಳಗೂ ನಾಲ್ಕರಿಂದ ಗುಣಿಸಿದ. ಈಗ ನೋಡಿ: 9/5, 16/12, 25/21, 36/32. ಮೇಲಿನ ಸಾಲು ಮೂರು, ನಾಲ್ಕು, ಐದು, ಆರರ ವರ್ಗಗಳು. ಕೆಳಗಿನವು ಅದಕ್ಕಿಂತ ನಾಲ್ಕು ನಾಲ್ಕು ಕಡಮೆ.

ಛಂದಸ್ಸು ಪಾಠ ಹೇಳಿದವನಿಗೆ ಇದು ಪ್ರಸ್ತಾರ ಹಾಕಿದಂತೆಯೇ ಕಾಣುತ್ತದೆ. ಓದುವಾಗ ಒರಟಾಗಿ ತೋರಿದ ಸಾಲಿನ ಮೇಲೆ ಲಘು ಗುರುಗಳನ್ನು ಗುರುತಿಸಿ, ಸರಿಯಾದ ಕಡೆ ಗಣ ವಿಭಾಗ ಮಾಡಿದೊಡನೆ ನಡೆ ತಾನಾಗಿ ತೆರೆದುಕೊಳ್ಳುವುದಿಲ್ಲವೆ, ಹಾಗೆ. ಇದನ್ನು ಬಾಲ್ಮರ್ ಪ್ರಕಟಿಸಿದ್ದು 1885ರಲ್ಲಿ, ತನ್ನ ಅರವತ್ತನೆಯ ವಯಸ್ಸಿನಲ್ಲಿ. ನಿವೃತ್ತರಾದ ನಮ್ಮಂಥವರು ಗೋಡೆಗೆ ತೂಗುಹಾಕಿಕೊಳ್ಳಬೇಕಾದ ತೇದಿ ಅದು. ಸೂತ್ರವೇನೋ ಸಿಕ್ಕಿತು, ಅದು ಏಕೆ ಹಾಗಿದೆ ಎಂಬುದು ಆತನಿಗೂ ತಿಳಿಯಲಿಲ್ಲ. 1913ರ ಆದಿಯಲ್ಲಿ ಸ್ನೇಹಿತರೊಬ್ಬರು ಡೆನ್ಮಾರ್ಕಿನ ತರುಣ ನೀಲ್ಸ್ ಬೋರ್‌ನ ಗಮನವನ್ನು ಈ ಸೂತ್ರದ ಕಡೆಗೆ ಸೆಳೆದರು. ಅದೇ ವರ್ಷ ಬೋರ್ ತನ್ನ ಪರಮಾಣುವಿನ ಚಿತ್ರವನ್ನು ಮುಂದಿಟ್ಟ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಎಲೆಕ್ಟ್ರಾನು ಇಳಿದರೆ 3.4ರಿಂದ 1.51ನ್ನು ಕಳೆದು 1.89 ಎಲೆಕ್ಟ್ರಾನ್ ವೋಲ್ಟ್ ಹೊರಬೀಳುತ್ತದೆ. 1240ನ್ನು ಈ ಶಕ್ತಿಯಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರುಗಳಲ್ಲಿ ಬರುತ್ತದೆ: 656. ಬಾಲ್ಮರನ ಕೆಂಪು ಗೆರೆ. 1240 ಎಂಬ ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಎರಡು ಅಧ್ಯಾಯಗಳನ್ನು ದಾಟಬಹುದು.

ಇಲ್ಲಿಯೂ ಪದ ನೋಡಿ ಓದದವನು ಕೆಡುತ್ತಾನೆ. ಕೆಳಮಟ್ಟದಲ್ಲಿರುವ ಜಲಜನಕದ ಮೇಲೆ 12.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಬಂದು ಬಡಿದರೆ ಏನಾಗುತ್ತದೆ? ಮೂರನೆಯ ಮಟ್ಟಕ್ಕೆ ಏರಲು 12.09 ಸಾಕು, ನಾಲ್ಕನೆಯದಕ್ಕೆ 12.75 ಬೇಕು. ಆದ್ದರಿಂದ ಮೂರರವರೆಗೆ ಏರಬಹುದು. ಉಳಿದ ಪುಡಿಕಾಸನ್ನು ಬಡಿದ ಎಲೆಕ್ಟ್ರಾನು ಇಟ್ಟುಕೊಂಡು ಹೋಗುತ್ತದೆ. ಅದೇ ಪ್ರಶ್ನೆಯಲ್ಲಿ ಎಲೆಕ್ಟ್ರಾನಿನ ಬದಲು 12.5ರ ಫೋಟಾನ್, ಎಂದರೆ ಬೆಳಕಿನ ಕಣ, ಎಂದಿದ್ದರೆ ಏನೂ ಆಗುವುದಿಲ್ಲ. ಫೋಟಾನು ಚಿಲ್ಲರೆ ಸಿಗದ ನೋಟು; ಬೆಲೆ ಸರಿಹೊಂದಿದರೆ ಇಡಿಯಾಗಿ ಸಲ್ಲುತ್ತದೆ, ಇಲ್ಲವಾದರೆ ಸಲ್ಲುವುದೇ ಇಲ್ಲ.

ಅರೆವಾಹಕ ಎಂದರೆ ಅರ್ಧ ವಾಹಕ ಎಂದು ತಿಳಿಯಬೇಕಾಗಿಲ್ಲ. ಶುದ್ಧ ಸಿಲಿಕಾನಿನ ಒಂದು ಘನಮೀಟರಿನಲ್ಲಿ 5ರ ಮುಂದೆ 28 ಸೊನ್ನೆ ಇಟ್ಟಷ್ಟು ಪರಮಾಣುಗಳಿವೆ; ಸಾಧಾರಣ ಉಷ್ಣತೆಯಲ್ಲಿ ಓಡಾಡಲು ಬಿಡುಗಡೆ ಪಡೆದ ಎಲೆಕ್ಟ್ರಾನುಗಳು, ಪಠ್ಯಪುಸ್ತಕದ ಲೆಕ್ಕದಂತೆ, 15ರ ಮುಂದೆ 15 ಸೊನ್ನೆಯಷ್ಟು ಮಾತ್ರ. ಮೂರು ಲಕ್ಷ ಕೋಟಿಗೂ ಹೆಚ್ಚು ಪರಮಾಣುಗಳಿಗೆ ಒಂದು! ಇದಕ್ಕೆ ಹತ್ತು ಲಕ್ಷಕ್ಕೆ ಒಂದರಂತೆ ಆರ್ಸೆನಿಕ್ಕಿನ ಪರಮಾಣುವನ್ನು ಬೆರೆಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಷ್ಟೂ ಅಲ್ಲ. ಆದರೆ ಒಂದೊಂದು ಆರ್ಸೆನಿಕ್ಕೂ ಒಂದೊಂದು ಎಲೆಕ್ಟ್ರಾನನ್ನು ಬಿಟ್ಟುಕೊಡುವುದರಿಂದ ಅವುಗಳ ಸಂಖ್ಯೆ 5ರ ಮುಂದೆ 22 ಸೊನ್ನೆಯಾಗುತ್ತದೆ: ಮೂವತ್ತಮೂರು ಲಕ್ಷ ಪಟ್ಟು ಏರಿಕೆ. ಆಗ ‘ರಂಧ್ರ’ಗಳ ಗತಿಯೇನು? ಎಲೆಕ್ಟ್ರಾನು ಎದ್ದುಹೋದ ಖಾಲಿ ಜಾಗಕ್ಕೆ ರಂಧ್ರವೆಂದು ಹೆಸರು. ಓಡಾಡುವ ಎಲೆಕ್ಟ್ರಾನುಗಳು ಹೆಚ್ಚಿದಂತೆ ಖಾಲಿ ಜಾಗಗಳು ತುಂಬಿಹೋಗುತ್ತವೆ. ಒಂದು ಎಷ್ಟು ಪಟ್ಟು ಏರಿತೋ ಇನ್ನೊಂದು ಅಷ್ಟೇ ಪಟ್ಟು ಇಳಿಯುತ್ತದೆ. ಎರಡರ ಗುಣಲಬ್ಧ ಬದಲಾಗದು. ಲೆಕ್ಕ ಮಾಡಿದರೆ ಘನಮೀಟರಿಗೆ 450 ಕೋಟಿ ರಂಧ್ರಗಳು ಉಳಿಯುತ್ತವೆ.

ಇಲ್ಲದಿರುವುದನ್ನು ಇರುವ ವಸ್ತುವಿನಂತೆ ಎಣಿಸುವುದು, ಅದಕ್ಕೆ ಧನ ವಿದ್ಯುದಂಶವನ್ನು ಆರೋಪಿಸುವುದು, ಅದು ಅತ್ತಿಂದಿತ್ತ ಚಲಿಸುತ್ತದೆಂದು ಹೇಳುವುದು ಹುಡುಗಿಗೆ ಕಣ್ಕಟ್ಟಿನಂತೆ ತೋರಿತು. ವ್ಯಾಕರಣ ಓದಿದವನಿಗೆ ಅದರಲ್ಲಿ ಆಶ್ಚರ್ಯವಿಲ್ಲ. ಊರು, ಅಲ್ಲಿ ಎಂಬವು ಸೇರಿ ‘ಊರಲ್ಲಿ’ ಆಗುವಾಗ ಉಕಾರ ಕಾಣೆಯಾಗುತ್ತದೆ. ಕಾಣೆಯಾದದ್ದಕ್ಕೂ ನಾವು ‘ಲೋಪ’ ಎಂದು ಹೆಸರಿಟ್ಟು, ಆಗಮ ಆದೇಶಗಳ ಪಂಕ್ತಿಯಲ್ಲಿಯೇ ಕೂರಿಸಿಲ್ಲವೆ? ಇನ್ನೊಂದು ಪ್ರಶ್ನೆಯಲ್ಲಿ ತರಗತಿಯ ಮುಕ್ಕಾಲು ಮಂದಿ ಜಾರುತ್ತಾರಂತೆ: ‘ಎನ್ ಮಾದರಿ’ಯ ಸಿಲಿಕಾನಿನ ತುಂಡಿನ ಒಟ್ಟು ವಿದ್ಯುದಂಶವೆಷ್ಟು? ಎನ್ ಎಂದರೆ ನೆಗೆಟಿವ್, ಆದ್ದರಿಂದ ಋಣ ಎಂದು ಬರೆಯುತ್ತಾರೆ. ಆರ್ಸೆನಿಕ್ ತನ್ನ 33 ಎಲೆಕ್ಟ್ರಾನುಗಳ ಜೊತೆಗೆ ಬೀಜದಲ್ಲಿ 33 ಪ್ರೋಟಾನುಗಳನ್ನೂ ಹೊತ್ತು ತಂದಿದೆ. ಒಟ್ಟು ಸೊನ್ನೆ. ಎನ್ ಎಂಬುದು ಓಡಾಡುವವರ ಜಾತಿಯನ್ನು ಹೇಳುತ್ತದೆ, ಮನೆಯ ಜಮಾಖರ್ಚನ್ನಲ್ಲ.

ಹಿಂದೆ ಹೇಳಿದ 1240 ಇಲ್ಲಿ ಮತ್ತೆ ಒದಗುತ್ತದೆ. ಸಿಲಿಕಾನಿನಲ್ಲಿ ಕಟ್ಟಿನೊಳಗಿನ ಎಲೆಕ್ಟ್ರಾನು ಬಿಡುಗಡೆಯಾಗಲು ದಾಟಬೇಕಾದ ಅಂತರ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್. ಭಾಗಿಸಿದರೆ 1,130 ನ್ಯಾನೋಮೀಟರಿನ ಸಮೀಪಕ್ಕೆ ಬರುತ್ತದೆ. ಅದಕ್ಕಿಂತ ಚಿಕ್ಕ ತರಂಗಾಂತರದ ಬೆಳಕೆಲ್ಲ ಅಂತರವನ್ನು ದಾಟಿಸಬಲ್ಲದು. ಕಣ್ಣಿಗೆ ಕಾಣುವ ಬೆಳಕು 400ರಿಂದ 700ರೊಳಗೆ ಇರುವುದರಿಂದ ಸಿಲಿಕಾನ್ ಅದನ್ನೆಲ್ಲ ನುಂಗುತ್ತದೆ. ಪಾವಗಡದ ಬಯಲಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಬಿಸಿಲಿನಿಂದ ವಿದ್ಯುತ್ತನ್ನು ಹಿಂಡುವುದಕ್ಕೆ ಈ ಭಾಗಾಕಾರವೇ ಬುನಾದಿ. ವಜ್ರದಲ್ಲಿ ಅದೇ ಅಂತರ ಸುಮಾರು 5.5; ಭಾಗಿಸಿದರೆ 225. ಕಾಣುವ ಬೆಳಕಿಗೆ ಅಷ್ಟು ಕಸುವಿಲ್ಲ, ಹಾಯ್ದು ಹೋಗುತ್ತದೆ. ಆದ್ದರಿಂದಲೇ ವಜ್ರ ಪಾರದರ್ಶಕ. ಇನ್ನು 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿನ ವಿಚಾರ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ರೇಡಿಯೋ ಪೆಟ್ಟಿಗೆಗೇ ಆ ಹೆಸರಿದ್ದದ್ದು ನಿಮಗೆ ಗೊತ್ತು. ಅದರ ಲೆಕ್ಕಗಳು ಕೂಡುವ ಕಳೆಯುವ ಲೆಕ್ಕಗಳೇ ಹೊರತು ಹೆಚ್ಚಿನದಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದು ಹೊರಟದ್ದು ವಿಕಿರಣದ ಅಧ್ಯಾಯದ ಒಂದು ಪದವನ್ನು ಕುರಿತು: ಅರ್ಧಾಯು. ಅಯೋಡಿನ್-131ರ ಅರ್ಧಾಯು 8 ದಿನ. 16 ಗ್ರಾಂ ಇದ್ದದ್ದು 24 ದಿನಗಳ ಬಳಿಕ ಎಷ್ಟು ಉಳಿಯುತ್ತದೆ? ಎಂಟು ದಿನಕ್ಕೆ 8, ಹದಿನಾರಕ್ಕೆ 4, ಇಪ್ಪತ್ತನಾಲ್ಕಕ್ಕೆ 2 ಗ್ರಾಂ. ಆದರೆ ಆಯುಸ್ಸು ಎಂಬ ಪದ ನಮ್ಮ ಕಿವಿಯಲ್ಲಿ ಬೇರೆ ಅರ್ಥವನ್ನೇ ಮೊಳಗಿಸುತ್ತದೆ. ಅರ್ಧ ಆಯುಸ್ಸು ಎಂಟು ದಿನವಾದರೆ ಪೂರ್ಣಾಯುಸ್ಸು ಹದಿನಾರು ದಿನವಲ್ಲವೆ, ಆಮೇಲೆ ಎಲ್ಲ ಮುಗಿಯಿತಲ್ಲವೆ? ಕನ್ನಡ ಬಲ್ಲ ಯಾರೂ ಹೀಗೆಯೇ ತಿಳಿದಾರು. ಮನುಷ್ಯನಿಗೆ ಮುಪ್ಪಿದೆ, ಅರವತ್ತು ದಾಟಿದವನಿಗೆ ಮುಂದಿನ ದಾರಿ ಎಷ್ಟೆಂಬ ಅಂದಾಜೂ ಇರುತ್ತದೆ. ಪರಮಾಣುಬೀಜಕ್ಕೆ ಮುಪ್ಪಿಲ್ಲ. ನಿನ್ನೆ ಹುಟ್ಟಿದ ಅಯೋಡಿನ್ ಬೀಜಕ್ಕೂ ಒಂದು ತಿಂಗಳಿಂದ ಉಳಿದು ಬಂದಿರುವ ಬೀಜಕ್ಕೂ, ಮುಂದಿನ ಎಂಟು ದಿನಗಳಲ್ಲಿ ಸಿಡಿಯುವ ಸಂಭವ ಒಂದೇ, ಎರಡಕ್ಕೆ ಒಂದು. ಸಾವಿರ ಮಂದಿ ನಾಣ್ಯ ಚಿಮ್ಮುತ್ತಾರೆ, ರಾಜಮುಖ ಬಿದ್ದವರು ಹೊರಗೆ ಹೋಗುತ್ತಾರೆ ಎಂದುಕೊಳ್ಳಿ. ಉಳಿದ ಐನೂರು ಮಂದಿಯ ನಾಣ್ಯಗಳು ಸವೆದಿಲ್ಲ, ದಣಿದಿಲ್ಲ. ಮುಂದಿನ ಸುತ್ತಿನಲ್ಲಿ ಇನ್ನೂರೈವತ್ತು ಮಂದಿ ಹೋಗುತ್ತಾರೆ. 1900ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಅರ್ನೆಸ್ಟ್ ರದರ್‌ಫರ್ಡ್ ಥೋರಿಯಮ್ಮಿನಿಂದ ಹೊಮ್ಮುವ ಅನಿಲದ ವಿಕಿರಣ ಸುಮಾರು ಒಂದು ನಿಮಿಷಕ್ಕೆ ಅರ್ಧವಾಗುತ್ತದೆಂದು ಕಂಡುಕೊಂಡ. ಪದವನ್ನು ಆ ವೇಳೆ ಕನ್ನಡದಲ್ಲಿ ಕಟ್ಟಿದ್ದರೆ ‘ಅರ್ಧವಾಗುವ ಅವಧಿ’ ಎಂದು ಬಿಡಿಸಿ ಹೇಳಬಹುದಾಗಿತ್ತು ಎಂದು ನನ್ನ ಅಭಿಪ್ರಾಯ. ಉದ್ದವೇನೋ ಹೌದು, ಆದರೆ ದಾರಿ ತಪ್ಪಿಸುವುದಿಲ್ಲ.

ತಪ್ಪು ದಾರಿ ಎಷ್ಟು ದೂರ ಒಯ್ಯುತ್ತದೆಂಬುದಕ್ಕೆ ಸಾಹಿತ್ಯದ ಓದುಗರಿಗೆ ಹಿಡಿಸುವ ಒಂದು ಲೆಕ್ಕವಿದೆ. ಉತ್ಖನನದಲ್ಲಿ ಸಿಕ್ಕ ಇದ್ದಿಲಿನಲ್ಲಿ ಕಾರ್ಬನ್-14 ನೂರಕ್ಕೆ 70 ಪಾಲು ಉಳಿದಿದೆ, ಅದರ ಅರ್ಧಾಯು 5,730 ವರ್ಷ, ಇದ್ದಿಲಿನ ವಯಸ್ಸೆಷ್ಟು? ಐವತ್ತು ಪಾಲು ಹೋಗಲು 5,730 ವರ್ಷವಾದರೆ ಮೂವತ್ತು ಪಾಲಿಗೆ ಎಷ್ಟು ಎಂದು ತ್ರೈರಾಶಿ ಹಾಕಿದರೆ 3,438 ಬರುತ್ತದೆ. ಆದರೆ ಕ್ಷಯ ಮೊದಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುವುದರಿಂದ ಮೊದಲ ಮೂವತ್ತು ಪಾಲು ಬೇಗನೆ ಹೋಗಿರುತ್ತದೆ. ಲಾಗರಿದಮ್ ಕೋಷ್ಟಕ ಹಿಡಿದು ಸರಿಯಾಗಿ ಮಾಡಿದರೆ ಸುಮಾರು 2,950 ವರ್ಷ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣದ ಬಳಕೆ ಕ್ರಿಸ್ತಪೂರ್ವ 1000ರ ಆಸುಪಾಸಿನದೆಂದು ಗೊತ್ತುಪಡಿಸಿದ್ದು ಇಂಥ ಇದ್ದಿಲನ್ನು ಅಳೆದೇ. ಎರಡು ಉತ್ತರಗಳ ನಡುವಿನ ಅಂತರ ಸುಮಾರು 490 ವರ್ಷ. ಹೆಚ್ಚುಕಡಮೆ ಹತ್ತನೆಯ ಶತಮಾನದ ಪಂಪನಿಗೂ ಹದಿನೈದನೆಯ ಶತಮಾನದ ಕುಮಾರವ್ಯಾಸನಿಗೂ ಇರುವಷ್ಟು! ಕವಿಕಾಲ ನಿರ್ಣಯದಲ್ಲಿ ಇಪ್ಪತ್ತು ವರ್ಷಕ್ಕೆ ಜಗಳವಾಡಿದ ನಮ್ಮ ವಿದ್ವಾಂಸರು ಇದನ್ನು ಕೇಳಬೇಕಿತ್ತು.

ಕೆಲವು ವರ್ಷಗಳ ಹಿಂದೆ ಈ ಪದ ನಮ್ಮ ಮನೆಯೊಳಕ್ಕೇ ಬಂತು. ನನ್ನ ತಂಗಿಗೆ ಥೈರಾಯ್ಡ್ ಗ್ರಂಥಿಯ ಕಾಯಿಲೆಗೆ ಅಯೋಡಿನ್-131 ಕೊಟ್ಟರು. ಗ್ರಂಥಿ ಅದನ್ನು ಹೀರಿಕೊಳ್ಳುತ್ತದೆ. ಅದರ ಬೀಟಾ ಕಣಗಳು ಒಂದೆರಡು ಮಿಲಿಮೀಟರಿನೊಳಗೇ ತಮ್ಮ ಕೆಲಸ ಮಾಡುತ್ತವೆ, ಗಾಮಾ ಕಿರಣಗಳು ಮಾತ್ರ ಮೈಯಿಂದ ಹೊರಗೆ ಬರುತ್ತವೆ. ಆದ್ದರಿಂದ ಇಂಥ ತಾರೀಖಿನವರೆಗೆ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು, ದೂರವಿರಬೇಕು ಎಂದು ಬರೆದ ಇಂಗ್ಲಿಷ್ ಚೀಟಿಯೊಂದನ್ನು ಕೊಟ್ಟು ಮನೆಗೆ ಕಳಿಸಿದ್ದರು. ಮನೆಯಲ್ಲಿ ಎರಡು ವರ್ಷದ ಮೊಮ್ಮಗ. ಅಜ್ಜಿಯ ಮಡಿಲಿಲ್ಲದೆ ನಿದ್ದೆ ಮಾಡದವನು. ಮಗ, ಅರ್ಧಾಯು ಎಂಟು ದಿನವೆಂದು ಎಲ್ಲಿಯೋ ಓದಿ, ಹದಿನಾರು ದಿನಕ್ಕೆ ಎಲ್ಲ ಮುಗಿಯುತ್ತದೆ, ಚೀಟಿಯ ತಾರೀಖು ಬರಿಯ ಅತಿ ಎಚ್ಚರಿಕೆ ಎಂದ. ಬಂಧುಗಳಲ್ಲಿ ಹಿರಿಯರೊಬ್ಬರು, ಅರ್ಧದ ಅರ್ಧ, ಅದರ ಅರ್ಧ ಎಂದು ಹೋದರೆ ಎಂದಿಗೂ ಸೊನ್ನೆಯಾಗುವುದಿಲ್ಲ, ಮಗುವನ್ನು ತಾಯಿಯ ತವರಿಗೆ ಕಳಿಸಿಬಿಡಿ ಎಂದರು. ತಂಗಿ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಅಳುತ್ತಿದ್ದಳು.

ನಾನು ಎದುರು ಮನೆಯ ಹುಡುಗಿಯನ್ನು ಕರೆದೆ. ಆಗಲೇ ಅವಳು ಪರೀಕ್ಷೆ ಮುಗಿಸಿದ್ದಳು. ಇಬ್ಬರೂ ಕೂತು ಕಾಗದದ ಮೇಲೆ ಹಾಕಿದೆವು. ಹದಿನಾರು ದಿನಕ್ಕೆ ಉಳಿಯುವುದು ಸೊನ್ನೆಯಲ್ಲ, ಕಾಲು ಭಾಗ. ಆದ್ದರಿಂದ ಮಗನ ಮಾತು ಸಲ್ಲದು. ಆದರೆ ಮೈಯಲ್ಲಿರುವ ಅಯೋಡಿನ್ನಿಗೆ ಎರಡು ಬಾಗಿಲುಗಳುಂಟು: ಒಂದು, ಬೀಜವೇ ಸಿಡಿದು ಬೇರೆಯಾಗುವುದು, ಇನ್ನೊಂದು, ಮೂತ್ರದ ದಾರಿಯಾಗಿ ಹೊರಗೆ ಹೋಗುವುದು. ಎರಡನೆಯ ಬಾಗಿಲೊಂದರಿಂದಲೇ ಅರ್ಧವಾಗಲು 24 ದಿನ ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಂಡೆವು. ಎಂಟನೆಯ ಒಂದು, ಇಪ್ಪತ್ತನಾಲ್ಕನೆಯ ಒಂದು ಎರಡನ್ನೂ ಕೂಡಿದರೆ ಆರನೆಯ ಒಂದು. ಎಂದರೆ ಮೈಯೊಳಗೆ ಅದು ಅರ್ಧವಾಗುವ ಅವಧಿ ಎಂಟಲ್ಲ, ಆರು ದಿನ. ಇಪ್ಪತ್ತನಾಲ್ಕು ದಿನಕ್ಕೆ ಉಳಿಯುವುದು ಎಂಟನೆಯ ಒಂದಲ್ಲ, ಹದಿನಾರನೆಯ ಒಂದು. ಇದರ ಮೇಲೆ ದೂರದ ಮಾತು: ಒಂದು ಮೀಟರಿನಿಂದ ಎರಡಕ್ಕೆ ಸರಿದರೆ ಕಿರಣದ ಪ್ರಮಾಣ ಕಾಲಾಗುತ್ತದೆ, ಮೂರಕ್ಕೆ ಸರಿದರೆ ಒಂಬತ್ತನೆಯ ಒಂದು. ಹಾಗಾದರೆ ಬಾಗಿಲು ಹಾಕಿಕೊಂಡು ಅಳಬೇಕಾಗಿಲ್ಲ. ಅಜ್ಜಿ ಪಡಸಾಲೆಯ ಆ ತುದಿಯಲ್ಲಿ ಕುಳಿತು ಈ ತುದಿಯ ಮಗುವಿಗೆ ಕಥೆ ಹೇಳಬಹುದೆ? ಕೊಟ್ಟ ಔಷಧ ಎಷ್ಟು, ಗ್ರಂಥಿ ಹೀರಿದ್ದೆಷ್ಟು ಎಂಬುದು ವೈದ್ಯರಿಗೆ ಮಾತ್ರ ಗೊತ್ತು. ನಮ್ಮ 24 ಕಲ್ಪನೆಯದು. ಆದ್ದರಿಂದ ಕಾಗದವನ್ನು ಅವರಿಗೇ ತೋರಿಸಿದೆವು. ಅವರು ನಕ್ಕು, ದೂರದ ಕಥೆಗೆ ಒಪ್ಪಿಗೆ ಕೊಟ್ಟರು. ಎತ್ತಿಕೊಳ್ಳುವುದಕ್ಕೆ ಚೀಟಿಯ ತಾರೀಖೇ ಸರಿ, ಒಂದು ದಿನ ಹಿಂದೆಯೂ ಬೇಡ, ಮುಂದೂಡುವುದೂ ಬೇಡ ಎಂದರು.

ಆ ತಾರೀಖಿನಂದು ಮಗು ಅಜ್ಜಿಯ ಮಡಿಲೇರಿತು. ಹಿರಿಯರು ಮಾತ್ರ, ಪೂರ್ತಿ ಸೊನ್ನೆಯಾಗದೆ ಹೇಗೆ ಬಿಟ್ಟಿರಿ ಎಂದು ಗೊಣಗುತ್ತಲೇ ಇದ್ದರು. ಅವರಿಗೆ ಹುಡುಗಿಯೇ ಉತ್ತರ ಹೇಳಿದಳು. ನಾವು ತಿನ್ನುವ ಅನ್ನ, ಬೇಳೆ, ಬಾಳೆಹಣ್ಣಿನಲ್ಲೆಲ್ಲ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಒಂದು ಅಲ್ಪ ಭಾಗ ವಿಕಿರಣ ಸೂಸುವ ಪೊಟ್ಯಾಸಿಯಂ-40. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ದೊಡ್ಡವರ ಮೈಯಲ್ಲಿ ಅದರ ಪರಮಾಣುಗಳು ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಸಿಡಿಯುತ್ತಲೇ ಇರುತ್ತವೆ, ಹುಟ್ಟಿನಿಂದ ಕೊನೆಯವರೆಗೆ. ಸೊನ್ನೆಯಾದ ಮೈ ಯಾರದೂ ಇಲ್ಲ. ಹಿರಿಯರು ಅನುಮಾನದಿಂದ ತಮ್ಮ ಕೈಯನ್ನೇ ನೋಡಿಕೊಂಡರು. ತಂಗಿ ಮಗುವಿನ ತಲೆ ಸವರುತ್ತ ನನ್ನ ಕಡೆ ತಿರುಗಿ, “ಹಾಗಾದರೆ ಅಣ್ಣ, ಇವನನ್ನ ನಿನ್ನ ಹತ್ತಿರಾನೂ ಬಿಡಬಾರದಲ್ಲ!” ಎಂದಳು.